ನೆಲದೊಳಗಿಂದ ಏಳುವ ಕಾಂಕ್ರೀಟ್ ಕೋಟೆ: ಪಿಕೆಟ್-ಹ್ಯಾಮಿಲ್ಟನ್ ಫೋರ್ಟಿನ 1:20 ಮಾದರಿ ಕಟ್ಟಿದ ವಿವರ

ವಿಮಾನ ನಿಲ್ದಾಣವನ್ನು ಕಾಯುವ ಕಟ್ಟಡಕ್ಕೆ ಬೇರೆ ಯಾವ ಕೋಟೆಗೂ ಇಲ್ಲದ ಒಂದು ಕಟ್ಟುಪಾಡು ಇದೆ. ಶತ್ರು ಇಳಿಯಲು ಬಯಸುವ ಜಾಗವೂ ನಮ್ಮ ವಿಮಾನಗಳು ಓಡಬೇಕಾದ ಜಾಗವೂ ಒಂದೇ ಆಗಿರುವುದರಿಂದ, ಬಂದೂಕು ಇಡುವುದಕ್ಕೆ ಎಲ್ಲಕ್ಕಿಂತ ಯೋಗ್ಯವಾದ ನಟ್ಟನಡು ಮೈದಾನದಲ್ಲಿ ನೆಲದಿಂದ ಒಂದು ಗೇಣು ಎತ್ತರದ್ದನ್ನೂ ಕಟ್ಟುವಂತಿಲ್ಲ. 1940ರ ಬ್ರಿಟನ್ನಿನಲ್ಲಿ ಈ ತೊಡಕಿಗೆ ಫ್ರಾನ್ಸಿಸ್ ನಾರ್ಮನ್ ಪಿಕೆಟ್ ಮತ್ತು ಡೊನಾಲ್ಡ್ ಹ್ಯಾಮಿಲ್ಟನ್ ಕೊಟ್ಟ ಉತ್ತರವೇ ಅವರಿಬ್ಬರ ಹೆಸರನ್ನು ಹೊತ್ತ ಪಿಕೆಟ್-ಹ್ಯಾಮಿಲ್ಟನ್ ಫೋರ್ಟ್. ಒಂದರೊಳಗೊಂದು ಕೂರುವ ಎರಡು ಕಾಂಕ್ರೀಟ್ ಕೊಳವೆಗಳು. ಹೊರಗಿನದು ನೆಲದಲ್ಲಿ ಹೂತು ನಿಂತಿರುತ್ತದೆ, ಚಾವಣಿ ಹೊತ್ತ ಒಳಗಿನದು ಅದರೊಳಗೆ ಮೇಲೆ ಕೆಳಗೆ ಜಾರುತ್ತದೆ. ಕೆಳಗಿದ್ದಾಗ ಚಾವಣಿ ನೆಲಕ್ಕೆ ಸಮನಾಗಿ ಕೂರುತ್ತದೆ, ಅದರ ಮೇಲೆ ವಿಮಾನ ಹಾದುಹೋಗಬಹುದು. ದಾಳಿಯ ಹೊತ್ತಿಗೆ ಅದು ಸುಮಾರು 76 ಸೆಂಟಿಮೀಟರ್ ಮೇಲೆದ್ದು, ಗುಂಡು ಹಾರಿಸುವ ಮೂರು ಕಂಡಿಗಳ ಮೂಲಕ ಸುತ್ತಲಿನ ಮೈದಾನವನ್ನೆಲ್ಲ ಬಂದೂಕಿನ ವ್ಯಾಪ್ತಿಗೆ ತರುತ್ತದೆ.

ಈ ಯೋಚನೆ ಹುಟ್ಟಿದ ಕಾಲವನ್ನು ನೆನಪಿಟ್ಟುಕೊಳ್ಳದಿದ್ದರೆ ಕಟ್ಟಡ ಅರ್ಥವಾಗುವುದಿಲ್ಲ. 1940ರ ಏಪ್ರಿಲ್ 9ರಂದು ಜರ್ಮನ್ ಪ್ಯಾರಾಶೂಟ್ ಪಡೆಗಳು ಡೆನ್ಮಾರ್ಕಿನ ಆಲ್‌ಬೋರ್ಗ್ ಮತ್ತು ನಾರ್ವೆಯ ಸೋಲಾ ವಿಮಾನ ನಿಲ್ದಾಣಗಳನ್ನು ಹಿಡಿದಿದ್ದವು. ಮೇ 10ರಂದು ನೆದರ್‌ಲ್ಯಾಂಡ್ಸಿನ ವಾಲ್‌ಹಾವೆನ್, ಈಪೆನ್‌ಬುರ್ಗ್ ಮತ್ತು ವಾಲ್ಕೆನ್‌ಬುರ್ಗ್ ನಿಲ್ದಾಣಗಳ ಮೇಲೂ ಅವು ಇದೇ ರೀತಿ ಆಕಾಶದಿಂದ ಇಳಿದವು. ಮೊದಲು ಪ್ಯಾರಾಶೂಟ್ ಸೈನಿಕರು ಇಳಿದು ಮೈದಾನ ಹಿಡಿಯುವುದು, ಆಮೇಲೆ ಸಾಗಣೆ ವಿಮಾನಗಳಲ್ಲಿ ಸಾಲುಸಾಲಾಗಿ ಸೈನ್ಯ ಬರುವುದು ಎಂಬುದೇ ಅವರ ಕ್ರಮವಾಗಿತ್ತು. ಆಗಿನ ಬ್ರಿಟಿಷ್ ವಾಯುನೆಲೆಗಳಲ್ಲಿ ಹಲವು ಬರೀ ಹುಲ್ಲಿನ ಬಯಲುಗಳು. ಅಂಚಿನಲ್ಲಿ ಆರು ಮೂಲೆಯ ಪಿಲ್‌ಬಾಕ್ಸ್‌ಗಳನ್ನು, ಅಂದರೆ ಗುಂಡು ಹಾರಿಸುವ ಕಂಡಿಗಳುಳ್ಳ ಸಣ್ಣ ಕಾಂಕ್ರೀಟ್ ಕಾವಲುಗೂಡುಗಳನ್ನು, ಕಟ್ಟಬಹುದಿತ್ತೇ ಹೊರತು ನಡುವೆ ಏನನ್ನೂ ನಿಲ್ಲಿಸುವಂತಿರಲಿಲ್ಲ. ಬಕಿಂಗ್‌ಹ್ಯಾಮ್‌ಶೈರಿನ ಲ್ಯಾಂಗ್ಲಿ ವಿಮಾನ ನಿಲ್ದಾಣದಲ್ಲಿ ಈ ಏಳುವ ಕೋಟೆಯನ್ನು ನೋಡಿದ ಬ್ರಿಟಿಷ್ ಪ್ರಧಾನಿ ಚರ್ಚಿಲ್, 1940ರ ಜುಲೈ 12ರ ಟಿಪ್ಪಣಿಯಲ್ಲಿ, ಪ್ಯಾರಾಶೂಟ್ ದಾಳಿಗೆ ಇದು ಬಹಳ ಒಳ್ಳೆಯ ಉಪಾಯವೆಂದೂ ಎಲ್ಲ ಕಡೆ ಇದನ್ನು ಅಳವಡಿಸುವ ಯೋಜನೆಯೊಂದು ತಮಗೆ ಬೇಕೆಂದೂ ಬರೆದರು. ಮುಂದೆ ಮುನ್ನೂರಕ್ಕೂ ಹೆಚ್ಚು ಕೋಟೆಗಳು ನೆಲ ಸೇರಿದವು. ಸಾಮಾನ್ಯವಾಗಿ ಒಂದು ನಿಲ್ದಾಣಕ್ಕೆ ಮೂರು ಕೋಟೆಗಳು.

ಚಿತ್ರದಲ್ಲಿ ಬಹಳ ಸರಳವಾಗಿ ಕಾಣುವ ಈ ಕಟ್ಟಡದ ನಿಜವಾದ ವಾಸ್ತು ಎಲ್ಲಿದೆ ಎಂಬುದನ್ನು ಕೈಯಾರೆ ಕಟ್ಟಿ ತಿಳಿಯಬೇಕೆಂಬುದು ನನ್ನ ಉದ್ದೇಶವಾಗಿತ್ತು. ಆದ್ದರಿಂದ ನೋಟಕ್ಕಷ್ಟೇ ಇರುವ ಪ್ಲಾಸ್ಟಿಕ್ ಮಾದರಿ ಬೇಡವೆಂದು, ನಿಜವಾದ ಸಿಮೆಂಟ್ ಗಾರೆಯಲ್ಲಿ ಎರಕ ಹೊಯ್ದು, ಗಾಳಿಯ ಒತ್ತಡದಿಂದಲೇ ಏಳುವ ಮಾದರಿಯನ್ನು ಕಟ್ಟಿದೆ.

ಅಳತೆ ಮತ್ತು ಅಚ್ಚು

ಪ್ರಮಾಣ 1:20 ಎಂದು ನಿಗದಿ ಮಾಡಿದ್ದರಿಂದ ಮೂಲದ 76 ಸೆಂಟಿಮೀಟರ್ ಏರಿಕೆ ನನ್ನಲ್ಲಿ 38 ಮಿಲಿಮೀಟರ್ ಆಯಿತು. ಈ ಒಂದು ಅಳತೆಯನ್ನು ಬಿಗಿಯಾಗಿ ಪಾಲಿಸಿದ್ದೇನೆ. ವ್ಯಾಸ, ಗೋಡೆಯ ದಪ್ಪ ಮತ್ತು ಎತ್ತರಗಳನ್ನು ಮಾತ್ರ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಪಿವಿಸಿ ಪೈಪುಗಳಿಗೆ ಹೊಂದಿಸಿಕೊಂಡಿದ್ದೇನೆ. ಇದನ್ನು ಮೂಲದ ಕೆಲಸದ ಕ್ರಮವನ್ನು ತೋರಿಸುವ ಮಾದರಿಯೆಂದು ಓದುಗರು ತಿಳಿಯಬೇಕು, ಅಳತೆಗೆ ಅಳತೆ ಹೊಂದುವ ಪ್ರತಿಕೃತಿಯೆಂದಲ್ಲ.

ಎಲ್ಲಕ್ಕಿಂತ ಮೊದಲು ಯೋಚಿಸಬೇಕಾದದ್ದು ಎರಡು ಕೊಳವೆಗಳ ನಡುವಿನ ಸಂದು. ಅದು ಹೆಚ್ಚು ಕಿರಿದಾದರೆ ಒಂದು ಮರಳಿನ ಹರಳು ಸಿಕ್ಕಿಕೊಂಡರೂ ಒಳಕೊಳವೆ ನಿಂತುಬಿಡುತ್ತದೆ. ಹೆಚ್ಚು ಅಗಲವಾದರೆ ಕೊಳವೆ ವಾಲುತ್ತದೆ, ಜೊತೆಗೆ ಮಣ್ಣು ನೀರುಗಳಿಗೆ ದಾರಿಯಾಗುತ್ತದೆ. ಒಂದೇ 110 ಮಿಲಿಮೀಟರ್ ಪೈಪಿನಿಂದ ಎರಡು ತುಂಡು ಕತ್ತರಿಸಿಕೊಂಡೆ; ಅದರ ಒಳವ್ಯಾಸ ಸುಮಾರು 105 ಮಿಲಿಮೀಟರ್. ಒಂದು ತುಂಡು ಹಾಗೆಯೇ ಹೊರಕೊಳವೆಯಾಯಿತು. ಇನ್ನೊಂದನ್ನು ಉದ್ದಕ್ಕೆ ಸೀಳಿ, 6 ಮಿಲಿಮೀಟರ್ ಅಗಲದ ಪಟ್ಟಿಯೊಂದನ್ನು ಹ್ಯಾಕ್ಸಾ ಬ್ಲೇಡಿನಿಂದ ತೆಗೆದು, ಸೀಳಿದ ಅಂಚುಗಳು ಒಂದಕ್ಕೊಂದು ಮುಟ್ಟುವಂತೆ ಹೋಸ್ ಕ್ಲಿಪ್ ಹಾಕಿ ಬಿಗಿದೆ. ಸುತ್ತಳತೆಯಲ್ಲಿ 6 ಮಿಲಿಮೀಟರ್ ಕಡಿಮೆಯಾದರೆ ವ್ಯಾಸದಲ್ಲಿ ಸುಮಾರು 1.9 ಮಿಲಿಮೀಟರ್ ಕಡಿಮೆಯಾಗುತ್ತದೆ. ಹೀಗೆ ಕಿರಿದಾದ ಪೈಪಿನೊಳಗೆ ಎರಕ ಹೊಯ್ದ ಕೊಳವೆ, ಕಿರಿದಾಗದ ಪೈಪಿನೊಳಗೆ ಸುತ್ತಲೂ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಸಡಿಲವಾಗಿ ಕೂರುತ್ತದೆ. ಪೂರ್ಣ ಅಳತೆಗೆ ಹಿಗ್ಗಿಸಿ ನೋಡಿದರೆ ಇದು 2 ಸೆಂಟಿಮೀಟರ್ ಸಂದು. ಸೀಳಿದ ಪೈಪಿಗೆ ಇನ್ನೊಂದು ಅನುಕೂಲವೂ ಇದೆ: ಕ್ಲಿಪ್ ಬಿಚ್ಚಿದ ಕೂಡಲೇ ಅಚ್ಚು ತಾನಾಗಿ ಅರಳಿ, ಗಾರೆಯನ್ನು ಬಡಿಯದೆಯೇ ಎರಕ ಹೊರಬರುತ್ತದೆ. ಒಳಗಿನ ಟೊಳ್ಳಿಗೆ 75 ಮಿಲಿಮೀಟರಿನ ಪೈಪನ್ನು ಬಳಸಿ, ಅದಕ್ಕೂ ಉದ್ದಕ್ಕೆ ಒಂದು ಸೀಳು ಹಾಕಿ, ಮೇಲೆ ಎಣ್ಣೆ ಸವರಿದ ಪಾರದರ್ಶಕ ಹಾಳೆಯನ್ನು ಸುತ್ತಿದೆ. ಗೋಡೆ 14 ಮಿಲಿಮೀಟರ್ ದಪ್ಪವಾಯಿತು.

ಎರಕವನ್ನು ತಲೆಕೆಳಗಾಗಿ ಹೊಯ್ಯಬೇಕು. ಗಾಜಿನ ಹಲಗೆಯ ಮೇಲೆ ಅಚ್ಚನ್ನು ನಿಲ್ಲಿಸಿ, ಮೊದಲು ಚಾವಣಿಯ 15 ಮಿಲಿಮೀಟರ್ ತುಂಬಿ, ಆಮೇಲೆ ನಡುವಿನ ಪೈಪನ್ನು ಇಳಿಸಿ ಗೋಡೆಯನ್ನು ತುಂಬಿದರೆ, ಗಾಜಿಗೆ ತಾಗಿದ ಚಾವಣಿಯ ಮುಖ ಕನ್ನಡಿಯಂತೆ ನುಣುಪಾಗಿ ಬರುತ್ತದೆ. ಚಾವಣಿಯಲ್ಲಿ ಸೈನಿಕರು ಇಳಿಯುವ ಹ್ಯಾಚಿಗಾಗಿ 25 ಮಿಲಿಮೀಟರ್ ಚೌಕದ ಮರದ ತುಂಡನ್ನೂ, ಗೋಡೆಯಲ್ಲಿ ಮೂರು ಕಂಡಿಗಳಿಗಾಗಿ ಹೊರಗೆ 5 ಮಿಲಿಮೀಟರ್ ಹಾಗೂ ಒಳಗೆ 12 ಮಿಲಿಮೀಟರ್ ಎತ್ತರದ ಬೆಣೆಗಳನ್ನೂ ಇಟ್ಟೆ. ಜರಡಿ ಹಿಡಿದ ಎಂ-ಸ್ಯಾಂಡ್ ಮೂರು ಪಾಲು, ಸಿಮೆಂಟ್ ಒಂದು ಪಾಲು. ನೀರು ಆದಷ್ಟು ಕಡಿಮೆ. ಗೋಡೆಯೊಳಗೆ ಸುತ್ತಲೂ ಚಿಕನ್ ಮೆಶ್, ಚಾವಣಿಯಲ್ಲಿ ಬೈಂಡಿಂಗ್ ವೈರಿನ ಜಾಲ. ಅಚ್ಚಿನ ಹೊರಮೈಯನ್ನು ಮರದ ಸುತ್ತಿಗೆಯಿಂದ ಸುತ್ತಲೂ ತಟ್ಟುತ್ತ ಹೋದರೆ ಗಾಳಿಯ ಗುಳ್ಳೆಗಳು ಮೇಲೆ ಬರುತ್ತವೆ. ಕಂಡಿಯ ಬೆಣೆಗಳ ಕೆಳಗೆ ಗಾರೆ ಸೇರುವುದು ಕಷ್ಟವಾದ್ದರಿಂದ ಅಲ್ಲಿ ತಂತಿಯಿಂದ ಕುಕ್ಕಿ ತುಂಬಬೇಕು. ಮರುದಿನ ಅಚ್ಚು ಬಿಚ್ಚಿ, ಎರಕವನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ವಾರವಿಡೀ ಕ್ಯೂರಿಂಗ್ ಮಾಡಿದೆ.

ನೂರು ಮಿಲಿಮೀಟರ್ ಎತ್ತರದ ಆ ಕೊಳವೆ ಒಂದು ಕಿಲೋಗೆ ತುಸು ಕಡಿಮೆ ತೂಗಿತು. ಉದ್ದಳತೆ ಇಪ್ಪತ್ತು ಪಟ್ಟಾದರೆ ತೂಕ ಎಂಟು ಸಾವಿರ ಪಟ್ಟಾಗುತ್ತದೆ. ಇದೇ ಅಳತೆಯನ್ನು ಪೂರ್ಣ ಗಾತ್ರದಲ್ಲಿ ಕಟ್ಟಿದರೆ ಏಳು ಟನ್ನಿಗೂ ಹೆಚ್ಚಿನ ಭಾರವನ್ನು, ಒಳಗಿರುವ ಕೆಲವೇ ಸೈನಿಕರು ಗುಂಡಿನ ಮಳೆ ಶುರುವಾಗುವ ಮೊದಲು ಮೇಲೆತ್ತಬೇಕು. ಈ ಲೆಕ್ಕವನ್ನು ಕಾಗದದ ಮೇಲೆ ಮಾಡುವುದಕ್ಕೂ ಅಂಗೈಯಲ್ಲಿ ಆ ಗಾರೆಯ ಕೊಳವೆಯನ್ನು ಹಿಡಿದುಕೊಂಡು ಮಾಡುವುದಕ್ಕೂ ಬಹಳ ವ್ಯತ್ಯಾಸವಿದೆ.

ಎತ್ತುವ ವ್ಯವಸ್ಥೆ

ಮೂಲದ ಕೋಟೆಯಲ್ಲಿ ಒತ್ತಿ ತುಂಬಿದ ಗಾಳಿಯ ಸಿಲಿಂಡರಿನಿಂದ ಜ್ಯಾಕ್ ಮೇಲೇಳುತ್ತಿತ್ತು. ಗಾಳಿ ಮುಗಿದರೆ ಅಥವಾ ಕೆಟ್ಟರೆ ಕೈಪಂಪು ಇರುತ್ತಿತ್ತು. ಎರಡನ್ನೂ ಮಾದರಿಯಲ್ಲಿ ತರಲು ಮೆಡಿಕಲ್ ಸ್ಟೋರಿನ ಸಾಮಾನುಗಳು ಚೆನ್ನಾಗಿ ಒದಗಿದವು. 50 ಮಿಲಿಲೀಟರಿನ ಸಿರಿಂಜನ್ನು ಮೋಟಾಗಿ ಕತ್ತರಿಸಿ ಹೊರಕೊಳವೆಯ ತಳದ ನಟ್ಟನಡುವೆ ಎಂ-ಸೀಲ್ ಹಾಕಿ ನಿಲ್ಲಿಸಿದೆ. ಅದರ ಒಳದಂಡಿನ ತುದಿ ಚಾವಣಿಯ ಕೆಳಮೈಯನ್ನು ತಳ್ಳುತ್ತದೆ. ಡ್ರಿಪ್ ಸೆಟ್ಟಿನ ಕೊಳವೆ ಗಾಳಿ ಒಯ್ಯುತ್ತದೆ. ಆಸ್ಪತ್ರೆಯಲ್ಲಿ ತ್ರೀ-ವೇ ಎಂದು ಕರೆಯುವ, ಮೂರು ಬಾಯಿಯ ಕೀಲಿಗಳನ್ನು ಎರಡು ಸಾಲಾಗಿ ಜೋಡಿಸಿದೆ: ಮೊದಲನೆಯದು ಗಾಳಿಯ ಬಾಟಲಿಯ ಕಡೆಗೆ, ಎರಡನೆಯದು ಕೈಪಂಪಿನ ಕೆಲಸ ಮಾಡುವ 20 ಮಿಲಿಲೀಟರ್ ಸಿರಿಂಜಿನ ಕಡೆಗೆ ಮತ್ತು ಹೊರಗಾಳಿಯ ಕಡೆಗೆ. ಬಾಟಲಿಯೆಂದರೆ ಒಂದು ಲೀಟರಿನ ಸೋಡಾ ಬಾಟಲಿ; ಅದರ ಮುಚ್ಚಳದಲ್ಲಿ ಸೈಕಲ್ ಟ್ಯೂಬಿನ ವಾಲ್ವನ್ನು ಕೂರಿಸಿದೆ.

ಬೇಕಾದ ಒತ್ತಡ ಹೆಚ್ಚೇನಲ್ಲ. ಸಿರಿಂಜಿನ ಒಳವ್ಯಾಸ 27 ಮಿಲಿಮೀಟರ್ ಎಂದು ಹಿಡಿದರೆ ಭಾರವನ್ನು ತೂಗಿಸಲು ಸುಮಾರು 16 ಕಿಲೋಪಾಸ್ಕಲ್ ಸಾಕು. ಸೈಕಲ್ ಚಕ್ರದಲ್ಲಿರುವ ಗಾಳಿಯ ಹತ್ತನೇ ಒಂದು ಪಾಲಿಗಿಂತಲೂ ಇದು ಕಡಿಮೆ. ಆದರೆ ಅಳತೆ ಹಿಗ್ಗಿದಂತೆ ತೂಕ ಎಂಟು ಸಾವಿರ ಪಟ್ಟು, ಜ್ಯಾಕಿನ ಮುಖದ ವಿಸ್ತಾರ ನಾನೂರು ಪಟ್ಟು ಮಾತ್ರ ಬೆಳೆಯುವುದರಿಂದ, ಪೂರ್ಣ ಗಾತ್ರದಲ್ಲಿ ಬೇಕಾಗುವ ಒತ್ತಡ ಇಪ್ಪತ್ತು ಪಟ್ಟಾಗುತ್ತದೆ. ಅದೂ ಅರ್ಧ ಮೀಟರಿಗಿಂತ ಅಗಲವಾದ ಜ್ಯಾಕ್ ಇದ್ದರೆ. ಅಷ್ಟು ಅಗಲದ ಜ್ಯಾಕನ್ನು ನಡುವೆ ನಿಲ್ಲಿಸಿದರೆ ಸೈನಿಕರಿಗೆ ನಿಲ್ಲಲು ಜಾಗವೇ ಉಳಿಯುವುದಿಲ್ಲ. ಆದ್ದರಿಂದ ಜ್ಯಾಕ್ ತೆಳುವಾಗಬೇಕು, ಒತ್ತಡ ಇನ್ನಷ್ಟು ಏರಬೇಕು. ನನ್ನ ಮಾದರಿಯಲ್ಲೇ ನಡುವಿನ ಸಿರಿಂಜಿನಿಂದಾಗಿ ಹ್ಯಾಚನ್ನು ಗೋಡೆಗೆ ಆತುಕೊಳ್ಳುವಷ್ಟು ಪಕ್ಕಕ್ಕೆ ಸರಿಸಬೇಕಾಗಿ ಬಂತು.

ಗಾಳಿಯಿಂದ ಎತ್ತುವಾಗ ಕಾಣುವ ದೊಡ್ಡ ತೊಂದರೆಯೆಂದರೆ ನೆಗೆತ. ರಬ್ಬರಿನ ಬಿರಟೆ ಸಿರಿಂಜಿನ ಗೋಡೆಗೆ ಅಂಟಿಕೊಂಡು ನಿಂತಿರುತ್ತದೆ. ಒತ್ತಡ ಏರುತ್ತ ಏರುತ್ತ ಒಮ್ಮೆಲೇ ಅಂಟು ಬಿಟ್ಟಾಗ, ಹಿಗ್ಗಲು ಕಾದಿದ್ದ ಗಾಳಿ ಕೋಟೆಯನ್ನು ಟಪಕ್ಕನೆ ಮೇಲಕ್ಕೆ ಎಸೆಯುತ್ತದೆ. ಗಾಳಿಯ ಬದಲು ನೀರು ತುಂಬಿ ನೋಡಿದರೆ ಅದೇ ಕೋಟೆ ಬಹಳ ಸಾವಧಾನವಾಗಿ ಏಳುತ್ತದೆ, ಏಕೆಂದರೆ ನೀರು ಕುಗ್ಗುವುದೂ ಇಲ್ಲ, ಹಿಗ್ಗುವುದೂ ಇಲ್ಲ. ಹಾಗಿದ್ದರೂ ನೀರಿನಲ್ಲಿ ಶಕ್ತಿಯನ್ನು ಕೂಡಿಡಲು ಬರುವುದಿಲ್ಲ. ಎತ್ತುವ ಕೆಲಸವನ್ನೆಲ್ಲ ಆ ಕ್ಷಣದಲ್ಲಿ ಕೈಯಿಂದಲೇ ಮಾಡಬೇಕಾಗುತ್ತದೆ. ಮೊದಲೇ ದುಡಿದು ತುಂಬಿಟ್ಟ ಗಾಳಿ ಅವಸರದ ಹೊತ್ತಿನಲ್ಲಿ ಒಂದು ಕೀಲಿ ತಿರುಗಿಸಿದ ಮಾತ್ರಕ್ಕೆ ಕೆಲಸ ಮಾಡುತ್ತದೆ ಎಂಬ ಕಾರಣಕ್ಕೆ ಗಾಳಿಯನ್ನೇ ಉಳಿಸಿಕೊಂಡೆ. ನೆಗೆತಕ್ಕೆ ಮದ್ದು ಡ್ರಿಪ್ ಸೆಟ್ಟಿನಲ್ಲೇ ಇತ್ತು: ಹನಿಯ ವೇಗ ಹೊಂದಿಸುವ ಚಕ್ರದ ಕ್ಲಾಂಪನ್ನು ಜ್ಯಾಕಿಗೆ ಆದಷ್ಟು ಹತ್ತಿರ ಸರಿಸಿ ಬಿಗಿಮಾಡಿದರೆ, ಕ್ಲಾಂಪಿನಿಂದಾಚೆ ಉಳಿಯುವ ಗಾಳಿ ಬಹಳ ಸ್ವಲ್ಪವಾಗುತ್ತದೆ, ಅಷ್ಟು ಗಾಳಿಗೆ ಕೋಟೆಯನ್ನು ಎಸೆಯುವ ತ್ರಾಣವಿರುವುದಿಲ್ಲ. ಬಿರಟೆಗೆ ಸಿಲಿಕಾನ್ ಗ್ರೀಸ್ ಹಚ್ಚಿದ ಮೇಲೆ ಚಲನೆ ಸಮವಾಯಿತು. ಕೈಪಂಪಿನಿಂದಾದರೆ, 38 ಮಿಲಿಮೀಟರ್ ಏರಿಕೆಗೆ ಸುಮಾರು 22 ಮಿಲಿಲೀಟರ್ ಗಾಳಿ ಬೇಕಾದ್ದರಿಂದ, ಎರಡು ಸಲ ಒತ್ತಿದರೆ ಕೋಟೆ ಪೂರ್ತಿ ಮೇಲೆ ಬರುತ್ತದೆ. ಇಳಿಸುವುದಕ್ಕೆ ಗಾಳಿಯನ್ನು ಹೊರಬಿಟ್ಟರೆ ಸಾಕು, ಉಳಿದದ್ದನ್ನು ತೂಕ ನೋಡಿಕೊಳ್ಳುತ್ತದೆ.

ಏರುತ್ತ ಹೋದಂತೆ ಕೊಳವೆ ವಾಲುವುದು ಇನ್ನೊಂದು ವಿಷಯ. ಕೆಳಗಿದ್ದಾಗ ನೂರಕ್ಕೆ ನೂರು ಮಿಲಿಮೀಟರ್ ಹೊರಗೋಡೆಯ ಆಸರೆಯಲ್ಲಿರುತ್ತದೆ. ಪೂರ್ತಿ ಎದ್ದಾಗ ಒಳಗೆ ಉಳಿಯುವುದು 62 ಮಾತ್ರ. ಎದುರುಬದುರಿನ ಎರಡು ಮಿಲಿಮೀಟರ್ ಸಡಿಲ ಈಗ ಹೆಚ್ಚು ಓರೆಗೆ ಎಡೆಮಾಡುತ್ತದೆ, ಚಾವಣಿಯ ಒಂದು ಅಂಚಿಗೂ ಎದುರಿನ ಅಂಚಿಗೂ ಮೂರು ಮಿಲಿಮೀಟರಿಗಿಂತ ಹೆಚ್ಚು ಅಂತರ ಬರುತ್ತದೆ. ಹೊರಕೊಳವೆಯ ಒಳಮೈಯಲ್ಲಿ, ಕಂಡಿಗಳ ನಡುನಡುವೆ ಬರುವಂತೆ ಮೂರು ತೆಳು ಪ್ಲಾಸ್ಟಿಕ್ ಪಟ್ಟಿಗಳನ್ನು ನೆಟ್ಟಗೆ ಅಂಟಿಸಿ, ಅವುಗಳ ಮೇಲೆ ಮಾತ್ರ ಕೊಳವೆ ಜಾರುವಂತೆ ಮಾಡಿದೆ. ಸುತ್ತಲ ಸಂದು ಹಾಗೆಯೇ ಉಳಿದು, ಸಡಿಲ ಮಾತ್ರ ಅರ್ಧಕ್ಕಿಂತ ಕಡಿಮೆಯಾಯಿತು. ಮರಳು ಬಿದ್ದರೂ ಅದು ಪಟ್ಟಿಗಳ ಪಕ್ಕದಿಂದ ತಳಕ್ಕೆ ಜಾರಿಹೋಗುತ್ತದೆ.

ಚಾವಣಿಯ ಮೇಲೆ ಚಕ್ರ

ತಳದಲ್ಲಿ ಮೂರು ರಬ್ಬರ್ ಗುಬ್ಬಿಗಳಿವೆ. ಕೋಟೆ ಇಳಿದಾಗ ಅವುಗಳ ಮೇಲೆ ಕೂರುತ್ತದೆ, ಜ್ಯಾಕಿನ ಮೇಲೆ ಭಾರ ಬೀಳುವುದಿಲ್ಲ. ಗುಬ್ಬಿಗಳ ಕೆಳಗೆ ವಾಷರ್ ಸೇರಿಸುತ್ತ, ತೆಗೆಯುತ್ತ, ಚಾವಣಿಯ ಮೇಲೆ ಅಡ್ಡಲಾಗಿ ಉಕ್ಕಿನ ಸ್ಕೇಲ್ ಇಟ್ಟು ಬೆಳಕು ನುಸುಳದ ಹಾಗೆ ಸಮ ಮಾಡಿದೆ. ಒಂದೂಕಾಲು ಮಿಲಿಮೀಟರ್ ಮೇಲೆ ಉಳಿದರೂ ಮೂಲದಲ್ಲಿ ಅದು ಒಂದು ಇಂಚಿನ ಎಡರು.

ವಿಮಾನದ ಭಾರವನ್ನು ಮಾದರಿಯಲ್ಲಿ ಪರೀಕ್ಷಿಸುವಾಗ ತೂಕವನ್ನು ಎಂಟು ಸಾವಿರದಿಂದ ಭಾಗಿಸುವುದು ಸರಿಯಲ್ಲ. ಗಾರೆ ಅದೇ ಗಾರೆಯಾಗಿರುವುದರಿಂದ, ಅದರೊಳಗಿನ ಒತ್ತಡ ಮೂಲದಷ್ಟೇ ಇರಬೇಕಾದರೆ ಹೇರುವ ಭಾರವನ್ನು ನಾನೂರರಿಂದ ಭಾಗಿಸಬೇಕು. ಮೂರು ಟನ್ನಿನ ಹರಿಕೇನ್ ಕಾದಾಟದ ವಿಮಾನದ ಒಂದು ಚಕ್ರಕ್ಕೆ ಇದು ನಾಲ್ಕು ಕಿಲೋದಷ್ಟೂ ಆಗುವುದಿಲ್ಲ. ಆದರೆ ಭರ್ತಿ ಹೊತ್ತು ಸುಮಾರು ಮೂವತ್ತು ಟನ್ ತೂಗುತ್ತಿದ್ದ ಲ್ಯಾಂಕಾಸ್ಟರ್ ಬಾಂಬರಿನ ಒಂದು ಚಕ್ರಕ್ಕೆ ಅದು 37 ಕಿಲೋ ಆಗುತ್ತದೆ. ವ್ಯಾಯಾಮದ ಕಬ್ಬಿಣದ ತಟ್ಟೆಗಳನ್ನು ಒಂದು ಮರದ ತುಂಡಿನ ಮೂಲಕ ಚಾವಣಿಯ ನಡುವೆ ಹೇರುತ್ತ ಹೋದೆ. ಹರಿಕೇನ್ ಲೆಕ್ಕಕ್ಕೆ ಏನೂ ಆಗಲಿಲ್ಲ. ಲ್ಯಾಂಕಾಸ್ಟರಿನ ಲೆಕ್ಕ ಮುಟ್ಟಿದಾಗ ಹ್ಯಾಚಿನ ಒಳಮೂಲೆಯಿಂದ ಓರೆಯಾಗಿ ನಡುವಿನ ಕಡೆಗೆ ಕೂದಲೆಳೆಯಷ್ಟು ತೆಳುವಾದ ಬಿರುಕು ಬಂತು. ಕಿಟಕಿ ಬಾಗಿಲುಗಳ ಮೂಲೆಗಳಲ್ಲಿ ಗೋಡೆ ಬಿರಿಯುವುದನ್ನು ಕಂಡವರಿಗೆ ಈ ಓರೆ ಪರಿಚಿತವೇ. ಎರಡನೆಯ ಎರಕದಲ್ಲಿ ಹ್ಯಾಚಿನ ನಾಲ್ಕೂ ಮೂಲೆಗಳಿಗೆ ಓರೆಯಾಗಿ ಒಂದೊಂದು ತಂತಿಯನ್ನು ಹೆಚ್ಚುವರಿಯಾಗಿ ಹಾಕಿದ್ದೇನೆ. ಅದೇ ಭಾರಕ್ಕೆ ಈಗ ಬಿರುಕು ಕಾಣುತ್ತಿಲ್ಲ. ಕಾದಾಟದ ವಿಮಾನಗಳ ಹುಲ್ಲುಬಯಲಿಗೆ ಹೊಂದುವ ಕಟ್ಟಡ ಭಾರೀ ಬಾಂಬರುಗಳ ಕಾಲಕ್ಕೆ ಹೊಂದುವುದು ಅಷ್ಟು ಸುಲಭವಲ್ಲ ಎಂಬುದು ಈ ಪರೀಕ್ಷೆಯಿಂದ ನನಗೆ ಖಚಿತವಾಯಿತು.

ನೀರು

ಈ ಕೋಟೆಗಳ ಮೇಲಿದ್ದ ದೊಡ್ಡ ದೂರು ಅವುಗಳೊಳಗೆ ನೀರು ತುಂಬುತ್ತಿತ್ತು ಎಂಬುದು. ಮಾದರಿಯನ್ನು ಒಂದು ಅಗಲವಾದ ಟ್ರೇಯಲ್ಲಿ ಮಣ್ಣಿನ ನಡುವೆ ಹೂತು, ಹೂಕುಂಡಕ್ಕೆ ನೀರು ಹಾಕುವ ಝಾರಿಯಿಂದ ಮಳೆ ಸುರಿಸಿ ನೋಡಿದಾಗ ಕಾರಣ ಸ್ಪಷ್ಟವಾಗಿ ಕಾಣುತ್ತದೆ. ಸಮತಟ್ಟಾದ ಬಯಲಿನಲ್ಲಿ ನೀರು ಎಲ್ಲಿಗೂ ಹರಿಯದೆ ನಿಲ್ಲುತ್ತದೆ, ಇರುವ ಒಂದೇ ಬಾಯಿ ಈ ಉಂಗುರದ ಸಂದು. ಮನೆಯ ಬಾವಿಗೋ ಸಂಪಿಗೋ ಆದರೆ ನಾವು ಸುತ್ತ ನಾಲ್ಕು ಬೆರಳೆತ್ತರದ ಕಟ್ಟೆ ಕಟ್ಟಿ ನೀರನ್ನು ತಡೆಯುತ್ತೇವೆ. ಇಲ್ಲಿ ಕಟ್ಟೆ ಕಟ್ಟಿದರೆ ವಿಮಾನದ ಚಕ್ರಕ್ಕೆ ಎಡರು. ಸಂದಿಗೆ ರಬ್ಬರಿನ ಪಟ್ಟಿ ಹಾಕಿ ಬಿಗಿಮಾಡಿದೆ. ಆಗ ನೀರು ನಿಂತಿತು, ಜೊತೆಗೆ ಕೋಟೆಯೂ ನಿಂತಿತು, ಏಕೆಂದರೆ ಪಟ್ಟಿಯ ತಿಕ್ಕಾಟವನ್ನು ಮೀರಲು ಹೆಚ್ಚಿನ ಒತ್ತಡ ಬೇಕಾಗಿ ಹಳೆಯ ನೆಗೆತ ಮರಳಿ ಬಂತು. ಇಳಿಯುವಾಗ ಪಟ್ಟಿಯ ಮೇಲೆ ಕೂತ ಮರಳು ಗಾರೆಯನ್ನು ಗೀರಿತು. ಪಟ್ಟಿಯನ್ನು ತೆಗೆದುಹಾಕಿದೆ.

ನೀರನ್ನು ಒಳಗೆ ಬರಗೊಟ್ಟು ತಳದಿಂದ ಹೊರಗೆ ಕಳಿಸುವುದೊಂದೇ ದಾರಿ ಉಳಿಯುತ್ತದೆ. ತಳದಲ್ಲಿ ಒಂದು ತೂತು ಕೊರೆದು, ಪಕ್ಕದ ಜಲ್ಲಿಗುಂಡಿಗೆ ಕೊಳವೆ ಕೊಟ್ಟೆ. ಟ್ರೇಯಲ್ಲಿ ಮರಳು ಮಿಶ್ರಿತ ಕೆಮ್ಮಣ್ಣು ಇದ್ದಾಗ ನೀರು ನೆಮ್ಮದಿಯಾಗಿ ಇಂಗಿಹೋಯಿತು. ಧಾರವಾಡದ ಕಡೆಯ ಎರೆಮಣ್ಣನ್ನು ತುಂಬಿ ಅದೇ ಮಳೆ ಸುರಿಸಿದಾಗ ಜಲ್ಲಿಗುಂಡಿ ತುಂಬಿ, ನೀರು ಬಂದ ದಾರಿಯಲ್ಲೇ ಹಿಂದಿರುಗಿ ಕೋಟೆಯೊಳಗೆ ಏರಿತು, ಜ್ಯಾಕಿನ ಬುಡ ಮುಳುಗಿತು. ನೀರು ಇಂಗಗೊಡದ ಜಿಗುಟು ಮಣ್ಣಿನಲ್ಲಿ ಈ ಕಟ್ಟಡಕ್ಕೆ ನೆಲದ ಗುಣವೇ ಶತ್ರು. ಹೊರಗಿನ ಹಳ್ಳಕ್ಕೆ ಇಳಿಜಾರಿನ ಚರಂಡಿ ತೋಡಬಹುದು, ಆದರೆ ಮೈದಾನದ ನಡುವಿನಿಂದ ಅಂಚಿನವರೆಗೆ ಮನುಷ್ಯನ ಆಳಕ್ಕಿಂತ ಕೆಳಗೆ ಅದನ್ನು ತೋಡಬೇಕು. ಎರಡು ಕೊಳವೆಗಳ ಕಟ್ಟಡದ ನಿಜವಾದ ವಾಸ್ತು ಆ ಬೆರಳಗಲದ ಸಂದಿನಲ್ಲಿದೆ ಎಂದು ನಾನು ಹೇಳುವುದು ಈ ಕಾರಣಕ್ಕೆ: ಚಲನೆಗೆ ಬೇಕಾದದ್ದೂ ಅದೇ, ವಾಲಿಕೆಗೆ ಕಾರಣವೂ ಅದೇ, ನೀರಿಗೆ ಬಾಯಿಯೂ ಅದೇ, ಅದನ್ನು ಮುಚ್ಚುವ ಎಲ್ಲ ಉಪಾಯಗಳೂ ವಿಮಾನದ ಚಕ್ರಕ್ಕೆ ವಿರೋಧ.

ಇದರ ಪಕ್ಕದಲ್ಲಿ 1941ರ ಬ್ಯಾಟಲ್ ಹೆಡ್‌ಕ್ವಾರ್ಟರ್ಸ್ ಕಟ್ಟಡವನ್ನು, ಅಂದರೆ ವಾಯುನೆಲೆಯ ಕಾವಲನ್ನು ನಡೆಸುವ ಕೇಂದ್ರವನ್ನು, ಇಟ್ಟು ನೋಡಬೇಕು. ಆ ವರ್ಷದ ಮೇ ತಿಂಗಳಲ್ಲಿ ಕ್ರೀಟ್ ದ್ವೀಪದ ಮಾಲೆಮೆ ವಿಮಾನ ನಿಲ್ದಾಣ ಜರ್ಮನರ ಕೈಸೇರಿ, ಅದರ ಬೆನ್ನಿಗೆ ಇಡೀ ದ್ವೀಪವೇ ಹೋದ ಮೇಲೆ ಬ್ರಿಟನ್ ತನ್ನ ವಾಯುನೆಲೆಗಳ ಕಾವಲನ್ನು ಹೊಸದಾಗಿ ಯೋಚಿಸಿತು. 1942ರ ಫೆಬ್ರವರಿ 1ರಂದು ವಾಯುನೆಲೆಗಳನ್ನು ಕಾಯಲೆಂದೇ ಆರ್‌ಎಎಫ್ (ಬ್ರಿಟಿಷ್ ವಾಯುಪಡೆ) ರೆಜಿಮೆಂಟ್ ಹುಟ್ಟಿದ್ದೂ ಆ ಯೋಚನೆಯಿಂದಲೇ. 11008/41 ಎಂಬ ನಕ್ಷೆಯ ಪ್ರಕಾರ ಕಟ್ಟಿದ ಈ ಕಾವಲು ಕೇಂದ್ರದ ಕೋಣೆಗಳೆಲ್ಲ ನೆಲದೊಳಗೆ ಇರುತ್ತವೆ, ಸುತ್ತಲೂ ನೋಡಲು ಅಡ್ಡ ಸೀಳುಳ್ಳ ಒಂದು ಕಾಂಕ್ರೀಟ್ ಗುಮಟ ಮಾತ್ರ ಮೇಲೆ ಕಾಣುತ್ತದೆ. ಅದು ಏಳುವುದೂ ಇಲ್ಲ, ಇಳಿಯುವುದೂ ಇಲ್ಲ. ವಿಮಾನಗಳ ದಾರಿಯಿಂದ ದೂರ ಸರಿದು ಕೂತಿರುವುದರಿಂದ ಸುತ್ತ ಮಣ್ಣು ಏರಿಸಬಹುದು, ನೀರಿಗೆ ಇಳಿಜಾರು ಕೊಡಬಹುದು. ಕಟ್ಟುವವನ ಕಣ್ಣಿನಿಂದ ನೋಡಿದರೆ ಅದು ಎಷ್ಟೋ ಜಾಣತನದ ಕಟ್ಟಡ. ಆದರೆ ನಡು ಮೈದಾನಕ್ಕೆ ಕಾಲಿಡುವ ಧೈರ್ಯ ಮಾಡಿದ್ದು ಪಿಕೆಟ್ ಮತ್ತು ಹ್ಯಾಮಿಲ್ಟನ್ ಅವರ ಕೋಟೆ, ಆ ಧೈರ್ಯದ ಬಗ್ಗೆ ನನಗೆ ಮೊದಲಿಗಿಂತ ಈಗ ಹೆಚ್ಚು ಗೌರವವಿದೆ.

ಎರೆಮಣ್ಣಿನ ಟ್ರೇಗಾಗಿ ಈಗ ಇನ್ನೊಂದು ಸಣ್ಣ ಸಿರಿಂಜನ್ನು ತಳದ ಗುಂಡಿಗೆ ಜೋಡಿಸಿ, ಒಳಗಿನಿಂದಲೇ ನೀರೆತ್ತುವ ಪಂಪು ಮಾಡುತ್ತಿದ್ದೇನೆ. ಅದರ ಹೊರದಾರಿಯನ್ನು ಚಾವಣಿಯ ಮೂಲಕ ಕೊಡುವಂತಿಲ್ಲ, ಕೋಟೆ ಏಳುವಾಗ ಕೊಳವೆ ಎಳೆದು ಕಿತ್ತುಬರುತ್ತದೆ. ಹೊರಗೋಡೆಯಲ್ಲಿ, ಸ್ಲೈಡಿಂಗ್ ಪಟ್ಟಿಗಳಲ್ಲಿ ಒಂದರ ಹಿಂದೆ ತೋಡು ತೆಗೆದು ಅದರೊಳಗೆ ಕೊಳವೆಯನ್ನು ಹಾಯಿಸಬೇಕು. ಕಟ್ಟಲು ಹೊರಡುವವರು ಈ ತೋಡನ್ನು ಹೊರಕೊಳವೆ ಹೂಳುವ ಮೊದಲೇ ತೆಗೆದುಕೊಳ್ಳಲಿ, ಮಾದರಿಯನ್ನು ಎತ್ತಿಡುವಾಗ ಗಾಳಿಯನ್ನು ಪೂರ್ತಿ ಹೊರಬಿಟ್ಟು ಕೋಟೆಯನ್ನು ಗುಬ್ಬಿಗಳ ಮೇಲೆ ಕೂರಿಸಲಿ. ಒತ್ತಡದಲ್ಲಿ ವಾರಗಟ್ಟಲೆ ನಿಂತ ಬಿರಟೆ ಸಿರಿಂಜಿನ ಗೋಡೆಗೆ ಕಚ್ಚಿಕೊಳ್ಳುತ್ತದೆ.